ಮಗನ ಸೈಕಲ್ ಮ್ಯಾಲೆ ಆಫೀಸಿಗೆ ಹೋಗಬೇಕು ಅನ್ನೋ ಅಕ್ಕಾರಿಗೆ

ಪ್ರಶ್ನೆ: ನಮಸ್ಕಾರ ಮಾಸ್ತರ. ನಾ ವಿಜಯಪುರದಾಕಿ, ಸೋಲಾಪುರ ರಸ್ತೆ ಕಡೆ ಮನಿ, ಸ್ಟೇಷನ್ ರೋಡ್ ಕಡೆ ಆಫೀಸು, ಒಂದು ಕಡಿಗೆ ಐದು ಕಿಲೋಮೀಟರ್ ಹತ್ರ ಆಗ್ತೈತಿ. ದಿನಾ ಟಮ್‌ಟಮ್‌ಗೆ ಕಾಯೂದು ಸಾಕಾಗೈತಿ. ಮಗಾ ಕಾಲೇಜಿಗಂತ ಬ್ಯಾರೆ ಊರಿಗೆ ಹೋಗ್ಯಾನ, ಅವನ ದಪ್ಪ ಟೈರಿನ 21 ಗೇರಿನ ಸೈಕಲ್ ಎರಡು ವರ್ಷದಿಂದ ಹಂಗ ನಿಂತೈತಿ. ಸಣ್ಣಾಕಿದ್ದಾಗ ಸೈಕಲ್ ಹೊಡದೀನಿ, ಈಗ 41 ವಯಸ್ಸು. ಅದ ಸೈಕಲ್ ನಡೀತೈತಾ ಇಲ್ಲಾ ಹೊಸಾದು ತಗೋಬೇಕಾ? ನಮ್ಮೂರ ಬಿಸಲಾಗ ಆಗ್ತೈತಾ? ಮುಂಜಾನಿ ರೇಡಿಯೋ ಕೇಳೂ ರೂಢಿ ಐತಿ, ಕಿವ್ಯಾಗ ಹಾಕ್ಕೊಂಡು ಕೇಳ್ಕೊಂತ ಹೋಗಬಹುದಾ? ಇನ್ನ ಮನ್ಯಾಗಿನವ್ರು "ಸಿನಿಮಾದಾಗ ನೋಡಿಲ್ಲೇನ, ಬಡವ್ರು ಸೈಕಲ್ ಹೊಡೀತಾರ, ಮುಂದ ಬಂದವ್ರು ಗಾಡಿ ತಗೋತಾರ, ಮಂದಿ ಏನಂತಾರ" ಅಂತಾರ. ಇದಕ್ಕ ಏನ್ ಹೇಳ್ಲಿ?

ಉತ್ತರ: ಅಕ್ಕಾರ, ನಮಸ್ಕಾರ. ಮೊದಲ ಒಂದು ಮಾತು ಹೇಳಿಬಿಡ್ತೀನಿ, ಹೊಸಾ ಸೈಕಲ್ ತಗೋಬ್ಯಾಡ್ರಿ. ಮನ್ಯಾಗ ನಿಂತದ್ದ ಸಾಕು, ಆದ್ರ ಅದು ಈಗ ನಿಮ್ಮ ಮಗನ ಸೈಕಲ್ ಐತಿ, ಅದನ್ನ ನಿಮ್ಮ ಸೈಕಲ್ ಮಾಡಬೇಕು. ನನ್ನ ಕಡೆ ರಿಪೇರಿಗೆ ಬರೂ ಮಂದ್ಯಾಗ "ಸೈಕಲ್ ಹೊಡದ್ರ ಮೊಣಕಾಲ ನೋಯ್ತಾವ, ಟೊಂಕ ಹಿಡೀತೈತಿ, ನಮಗ ವಯಸ್ಸಾತು" ಅನ್ನೋವ್ರು ಭಾಳ, ಅವರ ಗಾಡಿ ನೋಡಿದ್ರ ಸೀಟು ನಾಕ ಬೆರಳ ಕೆಳಗಿರ್ತೈತಿ, ಟೈರಿನ್ಯಾಗ ಅರ್ಧ ಗಾಳಿ ಇರ್ತೈತಿ, ಚೈನ್ ಕಿರಗುಡ್ತಿರ್ತೈತಿ. ವಯಸ್ಸಿನ ತಪ್ಪಲ್ಲ ಅದು. ಹಂಗಾಗಿ ನಾ ಸೈಕಲ್ಲಿಂದ ಶುರು ಮಾಡ್ತೀನಿ, ಮಂದಿ ಮಾತು ಆಮ್ಯಾಲೆ ನೋಡೂಣು.

ಎರಡು ವರ್ಷ ನಿಂತ ಸೈಕಲ್ ಅಂದ್ರಿ, ಎಲ್ಲಿ ನಿಂತಿತ್ತು ಅನ್ನೋದು ಮುಖ್ಯ. ನೆಳ್ಳಾಗ ಇದ್ರ ಅಡ್ಡಿಯಿಲ್ಲ, ಟೆರೇಸ್ ಮ್ಯಾಲೋ ಅಂಗಳದಾಗೋ ಬಿಸಲಿಗೆ ನಿಂತಿದ್ರ ಟೈರಿನ ಬಾಜೂಕ ಸಣ್ಣ ಸಣ್ಣ ಸೀಳ ಬಿಟ್ಟಿರ್ತಾವ. ಬೆರಳಿಂದ ಟೈರ್ ಒತ್ತಿ ಬಗ್ಗಿಸಿ ನೋಡ್ರಿ, ಸೀಳಿನ ಒಳಗ ದಾರ ಕಂಡ್ರ ಆ ಟೈರ್ ಬಿಡ್ರಿ, ರಸ್ತಾದಾಗ ಒಡೀತೈತಿ. ಬ್ರೇಕಿನ ರಬ್ಬರ್ ಉಗುರಿಂದ ಒತ್ತಿದ್ರ ಜರಾ ತಗ್ಗ ಬೀಳಬೇಕು, ಕಲ್ಲಾಗಿದ್ರ ಬದಲಿ ಮಾಡಸ್ರಿ. ಬ್ರೇಕ್ ವಾಯರ್ ತುಕ್ಕ ಹಿಡದು ಕವರಿನ್ಯಾಗ ಸಿಕ್ಕೊಂಡಿದ್ರ ಎಣ್ಣಿ ಬಿಟ್ಟು ಸುಧಾರಿಸೂ ಗೋಜಿಗೆ ಹೋಗಬ್ಯಾಡ್ರಿ, ವಾಯರು ಕವರು ಎರಡೂ ಹೊಸಾದು ಹಾಕಸ್ರಿ, ಅದಕ್ಕೇನ ಭಾಳ ರೊಕ್ಕ ಹೋಗೂದಿಲ್ಲ ಮತ್ತ ಜೀವ ಅದರ ಮ್ಯಾಲ ಐತಿ. ಗಾಲಿ ಎತ್ತಿ ತಿರುವ್ರಿ, ಕಿವಿಗೊಟ್ಟು ಕೇಳ್ರಿ, ಗರಗರ ಅಂದ್ರ ಒಳಗಿನ ಗ್ರೀಸ್ ಒಣಗಿರ್ತೈತಿ, ಬಿಚ್ಚಿ ಗುಂಡು ತೊಳದು ಗ್ರೀಸ್ ತುಂಬಿದ್ರ ಆತು.

ಚೈನ್ ಸವದೈತೋ ಇಲ್ಲೋ ಅಂತ ಮನ್ಯಾಗ ನೀವ ನೋಡಬಹುದು. ಮಗನ ಕಂಪಾಸಿನ ಡಬ್ಬಿಯೊಳಗಿನ ಗಿಡ್ಡ ಪಟ್ಟಿ ಅಲ್ಲ, ಒಂದು ಅಡಿ ಅಂದ್ರ 12 ಇಂಚಿನ ಸ್ಟೀಲ್ ಪಟ್ಟಿ ಬೇಕು. ಚೈನಿನ ಒಂದು ಪಿನ್ನಿನ ನಡಕ ಸೊನ್ನಿ ಇಟ್ಟು ಮುಂದ 24ನೇ ಪಿನ್ ನೋಡ್ರಿ, ಹೊಸಾ ಚೈನಿನ್ಯಾಗ ಅದು ಕರೆಕ್ಟ್ 12 ಇಂಚಿಗೆ ಬರ್ತೈತಿ. ಇಂಚಿನ 16ರೊಳಗ ಒಂದು ಭಾಗ ದಾಟಿದ್ರ ಚೈನ್ ಬದಲಿ ಮಾಡ್ರಿ, 8ರೊಳಗ ಒಂದು ಭಾಗ ದಾಟಿತ್ತಂದ್ರ ಫ್ರೀವ್ಹೀಲ್ ಅಂದ್ರ ಹಿಂದಿನ ಗಾಲಿಗಿರೂ ಹಲ್ಲಿನ ಚಕ್ರ, ಅದರ ಹಲ್ಲೂ ಸವದಿರ್ತಾವ, ಎರಡೂ ಕೂಡೇ ಬದಲಿ ಮಾಡಬೇಕು, ಇಲ್ಲಂದ್ರ ಹೊಸಾ ಚೈನು ಹಳೇ ಹಲ್ಲಿನ ಮ್ಯಾಲೆ ಜಿಗೀತೈತಿ. ಎಣ್ಣಿ ವಿಷಯ ನಮ್ಮೂರಿಗೆ ಭಾಳ ಮಹತ್ವದ್ದು, ನಮ್ಮದು ಧೂಳಿನ ಊರು. ಗಾಡಿ ಎಂಜಿನ್ ಆಯಿಲ್ ಸುರದು ಬಿಟ್ರ ಅದಕ್ಕ ಧೂಳ ಹತ್ತಿ ಮರಳಕಾಗದ ತಿಕ್ಕಿದಂಗ ಚೈನ್ ತಿಂದು ಹಾಕ್ತೈತಿ. ಹೊಲಿಗಿ ಮಷೀನಿಗೆ ಹಾಕೂ ಎಣ್ಣಿ ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಡ್ರಿ, ಪೈಡಲ್ ಹಿಂದಕ ತಿರಿವಿ ಒಳಗ ಇಳೀಲಿ, ಆಮ್ಯಾಲೆ ಹಳೇ ಬನಿಯನ್ ತಗೊಂಡು ಹೊರಗಿಂದೆಲ್ಲಾ ಒರಸಿ ತಗೀರಿ. ಎಣ್ಣಿ ಒಳಗಿರಬೇಕು, ಹೊರಗ ಕಾಣಬಾರದು.

ಇನ್ನ ಸೀಟು. ಗ್ವಾಡಿ ಹಿಡ್ಕೊಂಡು ಸೈಕಲ್ ಮ್ಯಾಲೆ ಕೂಡ್ರಿ, ಒಂದು ಪೈಡಲ್ ಪೂರ್ತಿ ಕೆಳಗ ತರ್ರಿ, ಅದರ ಮ್ಯಾಲೆ ಹಿಮ್ಮಡ ಇಡ್ರಿ. ಕಾಲ ನೆಟ್ಟಗ ಆಗಬೇಕು, ಟೊಂಕ ಮಾತ್ರ ಒಂದು ಕಡೆ ವಾಲಬಾರದು. ಅಷ್ಟ ಎತ್ತರ ಸೀಟು. ಆಮ್ಯಾಲೆ ಹಿಮ್ಮಡ ತಗದು ಪಾದದ ಮುಂದಿನ ಭಾಗದಿಂದ ತುಳದ್ರ ಮೊಣಕಾಲ ತಾನ ಜರಾ ಮಡಚಿ ನಿಂತಿರ್ತೈತಿ, ಅದ ಬೇಕು. "ಹಂಗ ಮಾಡಿದ್ರ ಎರಡೂ ಕಾಲ ನೆಲಕ್ಕ ಮುಟ್ಟೂದಿಲ್ಲ" ಅಂತೀರಿ, ಹೌದು, ಮುಟ್ಟೂದಿಲ್ಲ, ಮುಟ್ಟಬಾರದು. ನಿಲ್ಲೂ ಮುಂದ ಸೀಟ್ ಬಿಟ್ಟು ಮುಂದ ಇಳದು ಒಂದು ಕಾಲ ನೆಲಕ್ಕ ಕೊಡಬೇಕು, ಹತ್ತೂ ಮುಂದ ಒಂದು ಪೈಡಲ್ ಮ್ಯಾಲೆ ತಂದು ಅದರ ಮ್ಯಾಲೆ ನಿಂತು ಹತ್ತಬೇಕು. ಇದನ್ನ ರಸ್ತಾದಾಗ ಅಲ್ಲ, ಮನಿ ಹತ್ರ ಖಾಲಿ ಜಾಗಾ ಇದ್ದಲ್ಲಿ ರೂಢಿ ಮಾಡ್ಕೋರಿ. ಅಂಜಿಕಿ ಇದ್ರ ಮೊದಲ ಎಂಟ ದಿನ ಸೀಟು ಎರಡ ಬೆರಳ ಕೆಳಗ ಇಟ್ಕೊಳ್ರಿ, ಕೈ ಕುದ್ರಿದಂಗ ಒಂದೊಂದ ಬೆರಳ ಏರಿಸ್ರಿ. ಅಲ್ಲೇ ಬಿಡಬ್ಯಾಡ್ರಿ ಮತ್ತ, ಭಾಳ ಹೆಣ್ಮಕ್ಳು ಅಲ್ಲೇ ಬಿಟ್ಟು ಮೊಣಕಾಲ ನೋವು ಮಾಡ್ಕೊಂಡು ಸೈಕಲ್ಲನ್ನೇ ಬಿಟ್ಟಾರ.

ಸೀಟಿನ ಬಗ್ಗೆ ಇನ್ನೊಂದು ಮಾತು, ಹೆಣ್ಮಕ್ಳು ಕೇಳಾಕ ಸಂಕೋಚ ಪಡ್ತಾರ, ಅದಕ್ಕ ನಾನ ಹೇಳ್ತೀನಿ. ಹುಡುಗ್ರ ಸೈಕಲ್ಲಿನ ಸೀಟು ಸಪೂರ ಇರ್ತೈತಿ. ಕುಂಡಿ ಕೆಳಗ ಎರಡು ಎಲುಬು ಇರ್ತಾವಲ್ರಿ, ಭಾರ ಅವೆರಡರ ಮ್ಯಾಲೆ ಬೀಳಬೇಕು, ಹೆಣ್ಮಕ್ಳಿಗೆ ಆ ಎಲುಬಿನ ನಡುವಿನ ಅಂತರ ಸಾಮಾನ್ಯವಾಗಿ ಗಂಡಸರಕಿಂತ ಹೆಚ್ಚ. ಸಪೂರ ಸೀಟಿನ ಮ್ಯಾಲೆ ಕುಂತ್ರ ಭಾರ ಎಲುಬು ಬಿಟ್ಟು ನಡಕಿನ ಮೆತ್ತನ್ನ ಜಾಗಾದ ಮ್ಯಾಲೆ ಬೀಳ್ತೈತಿ, ನೋವು ಮರಗಟ್ಟೂದು ಎಲ್ಲಾ ಅಲ್ಲಿಂದ. ಹಿಂದ ಅಗಲ ಇರೂ ಸೀಟು ಹಾಕಸ್ರಿ, ನಡಕ ತಗ್ಗಿದ್ರ ಇನ್ನೂ ಚಲೋ. ಆದ್ರ ಸ್ಪಂಜು ತುಂಬಿದ ದಪ್ಪ ಗಾದಿಯಂಥಾ ಕವರ್ ಮಾರ್ತಾರಲ್ಲ, ಅದು ಬ್ಯಾಡ, ಅದರಾಗ ಎಲುಬು ಮುಳಗಿ ಹೊಳ್ಳಿ ಭಾರ ನಡಕ ಬರ್ತೈತಿ. ಸೀಟು ನೆಲಕ್ಕ ಸಮ ಇರಲಿ, ಮೂಗು ಮ್ಯಾಲೆ ಎತ್ತಿರಬಾರದು. ಹ್ಯಾಂಡಲ್ಲೂ ಸೀಟಿನಕಿಂತ ಜರಾ ಎತ್ತರ ಮಾಡಸ್ರಿ, ನೀವು ರೇಸ್ ಓಡಾಕ ಹೊಂಟಿಲ್ಲ, ಬೆನ್ನ ನೆಟ್ಟಗಿದ್ರ ದೂರಿನ ರಸ್ತಾ ಕಾಣ್ತೈತಿ.

ಟೈರು. ಮಗನ ಸೈಕಲ್ಲಿಗೆ ಗುಂಡಗುಂಡ ಹಲ್ಲಿನ ಟೈರ್ ಇರ್ತೈತಿ, ಅದು ಮಣ್ಣಿನ ಗುಡ್ಡ ಹತ್ತಾಕ ಮಾಡಿದ್ದು, ಡಾಂಬರಿನ ಮ್ಯಾಲೆ ಗುಂಯ್ ಅಂತ ಸಪ್ಪಳ ಮಾಡ್ಕೊಂತ ನಿಮ್ಮ ಶಕ್ತಿ ಹೀರ್ತೈತಿ. ಟೈರಿನ ಬಾಜೂಕ 26 ಗುಣಿಲೆ ಅಂತ ನಂಬರ್ ಬರದಿರ್ತೈತಿ, ಅದ ಸೈಜಿನ ನುಣುಪು ಟೈರು, 1.75 ಅಗಲದ್ದು ಸಿಗ್ತೈತಿ, ಹಾಕಸ್ರಿ. ಬರೇ ಇದೊಂದ ಮಾಡಿದ್ರ ಸಾಕು, ಬ್ಯಾರೆ ಸೈಕಲ್ ಆದಂಗ ಅನಸ್ತೈತಿ, ನಾ ಯಾರಿಗೆ ಹಾಕಿ ಕೊಟ್ರೂ ಅವ್ರು ಒಂದು ರೌಂಡ್ ಹೊಡದು ಬಂದು ನಕ್ಕೋಂತ ಇಳೀತಾರ. ಗಾಳಿ ನಿಮ್ಮಷ್ಟು ತೂಕದವ್ರಿಗೆ 40ರಿಂದ 45 ಪಿಎಸ್‌ಐ (ಗಾಳಿ ಒತ್ತಡದ ಅಳತಿ) ಬೇಕು, ಹಿಂದಿಂದಕ್ಕ ಒಂದು ಐದು ಹೆಚ್ಚ, ಯಾಕಂದ್ರ ಭಾರ ಹಿಂದ ಹೆಚ್ಚ ಬೀಳ್ತೈತಿ. ಟೈರಿನ ಮ್ಯಾಲೆ ಬರದ ಮಿತಿ ದಾಟಬಾರದು ಅಷ್ಟ. ಕಂಪ್ರೆಸರ್ ಇರೂ ಅಂಗಡಿಯೊಳಗ ಅಂದಾಜಿಗೆ ಹೊಡೀತಾರ, ಮೀಟರ್ ಇರೂ ಕೈಪಂಪ್ ಒಂದು ಮನ್ಯಾಗ ಇಟ್ಕೊಂಡ್ರ ವಾರಕ್ಕೊಮ್ಮೆ ನೀವ ಹೊಡಕೋಬಹುದು. ಗಾಳಿ ಕಡಿಮಿ ಇಟ್ಕೊಂಡು ತಗ್ಗಿನ್ಯಾಗ ಇಳಿಸಿದ್ರ ರಿಮ್ಮು ಟೈರ್ ನಡಕ ಟ್ಯೂಬ್ ಸಿಕ್ಕು ಅಕ್ಕಪಕ್ಕ ಎರಡು ತೂತು ಬೀಳ್ತಾವ, ಅಂಥಾ ಪಂಕ್ಚರ್ ಕಂಡ್ರ ಮುಳ್ಳಲ್ಲ, ಗಾಳಿ ಕಡಿಮಿ ಅಂತ ತಿಳೀರಿ.

ಮುಳ್ಳಂತೂ ನಮ್ಮ ಜಿಲ್ಲಾದಾಗ ಬಿಟ್ಟಿದ್ದಲ್ಲ. ಜಾಲಿ ಮುಳ್ಳು ಎಲ್ಲಾರಿಗೂ ಗೊತ್ತು, ಆದ್ರ ನೆಗ್ಗಿಲ ಮುಳ್ಳು ಅದಕಿಂತ ಕೆಟ್ಟದ್ದು, ನೆಲಕ್ಕ ಹಬ್ಬಿದ ಸಣ್ಣ ಹಳದಿ ಹೂವಿನ ಬಳ್ಳಿ, ಅದರ ಕಾಯಿ ಹೆಂಗ ಬಿದ್ರೂ ಒಂದು ಮುಳ್ಳು ಮ್ಯಾಲಕ ಇರ್ತೈತಿ. ಮಳಿ ಆದಮ್ಯಾಲೆ ರಸ್ತಾದ ಅಂಚಿನ ಮಣ್ಣಾಗ ಬೆಳೀತೈತಿ, ಒಣಗಿದಮ್ಯಾಲೆ ಕಾಯಿ ಉದರ್ತಾವ. ಸೈಕಲ್ಲಿನವ್ರು ಅಂಜಿ ರಸ್ತಾ ಬಿಟ್ಟು ಅಂಚಿಗಿ ಇಳೀತಾರಲ್ಲ, ಪಂಕ್ಚರ್ ಆಗೂದು ಅಲ್ಲೇ. ಮತ್ತ ನಮ್ಮದು ಎರಿಮಣ್ಣು, ಮಳಿಗಾಲದಾಗ ಉಬ್ಬತೈತಿ, ಬ್ಯಾಸಗಿಯೊಳಗ ಬಿರೀತೈತಿ, ಅದರ ಕೂಡ ಡಾಂಬರಿನ ಅಂಚೂ ಒಡದು ಹೋಗಿರ್ತೈತಿ. ಮಳ್ಯಾಗ ಎರಿಮಣ್ಣಿಗೆ ಇಳದ್ರಿ ಅಂದ್ರ ಮಡ್‌ಗಾರ್ಡಿನ್ಯಾಗ ಮಣ್ಣ ತುಂಬಿ ಗಾಲಿ ತಿರಗೂದ ಇಲ್ಲ, ಸೈಕಲ್ ಹೊತ್ಕೊಂಡು ಬರಬೇಕಾಗ್ತೈತಿ. ಅದಕ್ಕ ಅಂಚು ಬಿಟ್ಟು ಒಂದು ಮೀಟರ್ ಒಳಗ, ನೆಟ್ಟಗ ಒಂದ ಗೆರಿ ಹಿಡದು ಹೊಡೀರಿ. ನಿಂತ ಕಾರಿನ ಬಾಗಲಾ ಒಮ್ಮಿಗೇ ತಗದ್ರೂ ನಿಮಗ ತಾಗೂದಿಲ್ಲ, ಹಿಂದಿನವ್ರಿಗೂ ನೀವು ಎಲ್ಲಿ ಹೊಂಟೀರಿ ಅಂತ ತಿಳೀತೈತಿ. ಒಳಗ ಹೊರಗ ಒಳಗ ಹೊರಗ ಮಾಡ್ಕೊಂತ ಹೋಗೂದ ಅಪಾಯ.

ಗೇರ್ ಬಗ್ಗೆ ತಲಿ ಕೆಡಿಸ್ಕೋಬ್ಯಾಡ್ರಿ. 21 ಅಂದ್ರ ಮುಂದ 3, ಹಿಂದ 7. ಮುಂದಿಂದು ನಡಕಿನ ಹಲ್ಲಿನ ಮ್ಯಾಲೆ ಇಟ್ಟು ಮರತುಬಿಡ್ರಿ, ನಮ್ಮೂರಿಗೆ ಅದ ಸಾಕು. ಹಿಂದಿಂದು ಅಷ್ಟ ಬದಲಿ ಮಾಡ್ರಿ, ಸಿಗ್ನಲ್ ಬರೂಕಿಂತ ಮೊದಲ ಹಗುರ ಗೇರಿಗೆ ತರ್ರಿ, ನಿಂತಮ್ಯಾಲೆ ಅಲ್ಲ, ಪೈಡಲ್ ತಿರಗೂ ಮುಂದ ಅಷ್ಟ ಗೇರ್ ಬೀಳ್ತೈತಿ. ಬಿರುಸ ಗೇರ್ ಹಾಕಿ ಜಗ್ಗಾಡಿ ತುಳಿಯೂದು ಮೊಣಕಾಲಿಗೆ ಕೆಟ್ಟದ್ದು. ನಿಮಿಷಕ್ಕ ಒಂದು 70 ಸುತ್ತು ಪೈಡಲ್ ಹಗುರಾಗಿ ತಿರಗುವಂಗ ಇಟ್ಕೊಂಡ್ರ ಉಸಿರೂ ಹತ್ತೂದಿಲ್ಲ, ಕಾಲೂ ದಣಿಯೂದಿಲ್ಲ. ಬ್ಯಾಸಗಿ ಕಡೀಕ, ಮಳಿಗಾಲದಾಗ ಪಡುವಣ ಗಾಳಿ ಬೀಸ್ತೈತಲ್ಲ, ಆವಾಗ ಎದುರುಗಾಳಿ ಗುಡ್ಡಕಿಂತ ಬಿರುಸು. ಗಾಳಿ ವಿರೋಧ ವೇಗದ ವರ್ಗದ ಲೆಕ್ಕದಾಗ ಏರ್ತೈತಿ, ಎರಡು ಪಟ್ಟು ವೇಗಕ್ಕ ನಾಕ ಪಟ್ಟು ವಿರೋಧ. ಆವಾಗ ಹಟ ಮಾಡಬ್ಯಾಡ್ರಿ, ಎರಡು ಗೇರ್ ಇಳಿಸಿ ಸಾವಕಾಶ ಹೋಗ್ರಿ, ಆಫೀಸಿಗೆ ಐದು ನಿಮಿಷ ತಡಾ ಆಗ್ತೈತಿ ಅಷ್ಟ. ಹಂಗ ನೋಡಿದ್ರ ಐದು ಕಿಲೋಮೀಟರ್‌ಗೆ ನಿಮಗ 25 ನಿಮಿಷ ಸಾಕು, ಟಮ್‌ಟಮ್ ತುಂಬೂತನಾ ಕಾಯೂ ಹೊತ್ತು ಲೆಕ್ಕ ಹಾಕಿದ್ರ ಸೈಕಲ್ಲ ಲಗೂನ ಮುಟ್ಟಿಸ್ತೈತಿ.

ಬ್ರೇಕ್. ನಮ್ಮ ಮಂದಿಗೆ ಮುಂದಿನ ಬ್ರೇಕ್ ಅಂದ್ರ ಭಯ, "ಮುಂದಿಂದು ಹಿಡದ್ರ ಮಗಚ್ಕೊಂಡು ಬೀಳ್ತೀವಿ" ಅಂತ ಬರೇ ಹಿಂದಿಂದ ಹಿಡೀತಾರ. ಆದ್ರ ಬ್ರೇಕ್ ಹಿಡದಾಗ ಭಾರ ಎಲ್ಲಾ ಮುಂದಿನ ಗಾಲಿ ಮ್ಯಾಲೆ ಬರ್ತೈತಿ, ಹಿಂದಿನ ಗಾಲಿ ಹಗುರ ಆಗಿ ಜಾರ್ತೈತಿ, ಅಂದ್ರ ಸೈಕಲ್ ನಿಲ್ಲಸೂದು ಮುಂದಿನ ಬ್ರೇಕ. ಎರಡೂ ಕೂಡಿ ಸಾವಕಾಶ ಹಿಂಡ್ರಿ, ಟೊಂಕ ಜರಾ ಹಿಂದ ತಗೋರಿ. ಮಳ್ಯಾಗ ರಿಮ್ ತೋಯ್ದಿದ್ರ ಮೊದಲಿನ ಸುತ್ತಿನ್ಯಾಗ ಹಿಡಿಯೂದ ಇಲ್ಲ, ಹಂಗಾಗಿ ಮೊದಲ ಹಿಡದು ನೀರ ಒರಸಬೇಕು, ಆಮ್ಯಾಲೆ ನಿಲ್ಲಸಬೇಕು.

ಬಟ್ಟಿ ವಿಷಯ, ಚೂಡಿದಾರ ಹಾಕ್ಕೊಂಡ್ರ ಎರಡು ಕಡೆ ಲಕ್ಷ್ಯ ಇರಲಿ. ಬಲಗಡೆ ಪ್ಯಾಂಟಿನ ತುದಿ ಚೈನಿನ್ಯಾಗ ಸಿಗ್ತೈತಿ, ಅಲ್ಲಿ ಒಂದು ರಬ್ಬರ್ ಬ್ಯಾಂಡೋ ವೆಲ್ಕ್ರೋ ಪಟ್ಟಿನೋ ಕಟ್ರಿ, ಗೇರ್ ಸೈಕಲ್ಲಿಗೆ ಪೂರ್ತಿ ಚೈನ್ ಕವರ್ ಬರೂದಿಲ್ಲ. ಓಡ್ನಿಯಂತೂ ಜೋತುಬಿಡಾಕ ಬಿಡಬ್ಯಾಡ್ರಿ, ಹಿಂದಿನ ಗಾಲಿ ಕಡ್ಡಿಯೊಳಗ ಹೋದ್ರ ಕುತ್ತಿಗಿ ಜಗ್ತೈತಿ, ಅದನ್ನ ಎದೀ ಮ್ಯಾಲಿಂದ ಅಡ್ಡ ಹಾಕಿ ಟೊಂಕಕ್ಕ ಬಿಗದು ಕಟ್ಟಬೇಕು ಇಲ್ಲಾ ಚೀಲದಾಗ ಇಡಬೇಕು. ಇದನ್ನ ಕೈ ಮುಗದು ಹೇಳ್ತೀನ್ರಿ ಅಕ್ಕಾರ. ಹಬ್ಬಕ್ಕ ಸೀರಿ ಉಟ್ಟು ಹೋಗೂದಿದ್ರ ಹಿಂದಿನ ಗಾಲಿಗೆ ಎಡಬಲ ಜಾಳಿಗಿ ಹಾಕಸ್ರಿ.

ಬಿಸಲು ಅಂದ್ರಿ. ಏಪ್ರಿಲ್ ಮೇದಾಗ ನಮ್ಮೂರಾಗ 40 ಡಿಗ್ರಿ ದಾಟ್ತೈತಿ, ಖರೇ. ಆದ್ರ ಆಫೀಸಿಗೆ ಒಂಬತ್ತೂವರಿಗೆ ಬಿಡ್ತೀರಿ, ಮಟಮಟ ಮಧ್ಯಾಹ್ನ ಅಲ್ಲ. ಮಂದಿಗೆ ಒಂದು ವಿಷಯ ಲಕ್ಷ್ಯಕ್ಕ ಬಂದಿರೂದಿಲ್ಲ, ಸೈಕಲ್ ಓಡೂ ಮುಂದ ಮೈಗೆ ಗಾಳಿ ಬೀಸ್ತಿರ್ತೈತಿ, ಬೆವರು ಅಲ್ಲೇ ಆರ್ತೈತಿ, ಇಳದು ನಿಂತಕೂಡ್ಲೇ ಗಾಳಿ ನಿಲ್ತೈತಿ, ಮೈ ಇನ್ನೂ ಕಾದಿರ್ತೈತಿ, ಆವಾಗ ಧಾರಾಕಾರ ಬೆವರ್ತೀರಿ. ಅದಕ್ಕ ಕಡೀ ಒಂದು ಕಿಲೋಮೀಟರ್ ಅಗದಿ ಹಗುರ ಗೇರಿನ್ಯಾಗ ಸಾವಕಾಶ ಹೋಗ್ರಿ, ಮೈ ತಣ್ಣಗಾಗ್ತೈತಿ. ಬಿಡೂಕಿಂತ ಮೊದಲ ಒಂದು ದೊಡ್ಡ ಗ್ಲಾಸ್ ಉಪ್ಪ ಹಾಕಿದ ಮಜ್ಜಿಗಿ ಕುಡೀರಿ, ಒಂದು ಬಾಟ್ಲಿ ನೀರ ಜೋಡಿ ಇರಲಿ, ತೆಳ್ಳನ್ನ ಬಿಳೇ ಕಾಟನ್ ಬಟ್ಟಿ ತೋಯಿಸಿ ಹಿಂಡಿ ಕೊರಳಿಗೆ ಸುತ್ಕೋರಿ. ಆಫೀಸಿನ್ಯಾಗ ಒಂದು ಜೋಡಿ ಬಟ್ಟಿ ಇಟ್ಟಿದ್ರ ಮುಗೀತು. ತಲಿ ಹಗುರ ಆದಂಗ, ಚಳಿ ಬಂದಂಗ ಅನಿಸಿದ್ರ ಮಾತ್ರ ನೆಳ್ಳಿಗೆ ಇಳೀರಿ, ಅಲ್ಲಿಂದ ಮುಂದ ತುಳೀಬ್ಯಾಡ್ರಿ, ಅದು ಉಷ್ಣದ ಹೊಡತದ ಮೊದಲಿನ ಲಕ್ಷಣ. ಮೇ ತಿಂಗಳದಾಗ ನಡಕ ನಾಕ ದಿನ ಟಮ್‌ಟಮ್ ಹತ್ತಿದ್ರೂ ಏನೂ ಹೋಗಂಗಿಲ್ಲ.

ಈಗ ರೇಡಿಯೋ. ಕಿವ್ಯಾಗ ಹಾಕ್ಕೊಂಡು ಬ್ಯಾಡ. ಒಂದ ಕಿವಿಗೂ ಬ್ಯಾಡ. ಸಪ್ಪಳ ಯಾವ ಕಡಿಂದ ಬಂತು ಅಂತ ತಲಿಗೆ ಗೊತ್ತಾಗೂದು ಎರಡೂ ಕಿವಿಗೆ ಬರೂ ಸಪ್ಪಳದ ಹೊತ್ತಿನ ಅಂತರ ಮತ್ತ ಜೋರಿನ ಅಂತರದಿಂದ. ಒಂದು ಕಿವಿ ಮುಚ್ಚಿದ್ರ ಸಪ್ಪಳ ಕೇಳ್ತೈತಿ, ದಿಕ್ಕು ತಿಳಿಯೂದಿಲ್ಲ, ಎಡಕ್ಕ ಬರೂ ಗಾಡಿಗೆ ನೀವು ಎಡಕ್ಕ ಸರೀತೀರಿ. ಸೈಕಲ್ಲಿನವ್ರಿಗೆ ಹಿಂದ ಏನ ಬರಾಕತ್ತೈತಿ ಅನ್ನೋದು ಕಿವಿಯಿಂದ ಮೊದಲ ತಿಳಿಯೂದು, ಟಮ್‌ಟಮ್ಮಿನ ಸಪ್ಪಳ ಬ್ಯಾರೆ, ಟಾಂಗಾದ ಕುದುರಿ ಸಪ್ಪಳ ಬ್ಯಾರೆ, ಬಸ್ಸಿಂದು ಬ್ಯಾರೆ, ಒಂದು ತಿಂಗಳ ಹೊಡದ್ರ ತಿರುಗಿ ನೋಡದನ ಗುರುತ ಹಿಡೀತೀರಿ.

ಅದರಾಗ ಕಬ್ಬಿನ ಸೀಜನ್ ಶುರುವಾತಂದ್ರ ಕೇಳಬ್ಯಾಡ್ರಿ. ಒಂದು ಟ್ರ್ಯಾಕ್ಟರ್, ಹಿಂದ ಎರಡು ಟ್ರೇಲರ್, ಎರಡೂ ಕಡೆ ಕಬ್ಬು ಹೊರಗ ಚಾಚಿರ್ತೈತಿ, ಡ್ರೈವರ್ ದೊಡ್ಡ ಸ್ಪೀಕರ್ ಹಚ್ಚಿರ್ತಾನ, ಅವನಿಗೆ ನಿಮ್ಮ ಬೆಲ್ಲು ಕೇಳೂದಿಲ್ಲ. ತಿರುವಿನ್ಯಾಗ ಟ್ರ್ಯಾಕ್ಟರ್ ಹೋದ ಹಾದಿಯೊಳಗ ಟ್ರೇಲರ್ ಹೋಗೂದಿಲ್ಲ, ಎರಡನೇ ಟ್ರೇಲರ್ ಅಂತೂ ಭಾಳ ಒಳಗ ಕತ್ತರಿಸ್ಕೊಂಡು ಬರ್ತೈತಿ. ಎಡಕ್ಕ ತಿರಗೂ ಕಬ್ಬಿನ ಗಾಡಿಯ ಎಡಗಡೆ ಯಾವತ್ತೂ ನಿಲ್ಲಬ್ಯಾಡ್ರಿ, ಹಿಂದ ನಿಲ್ರಿ, ಅದು ಪೂರ್ತಿ ಹೋಗಲಿ. ಸಂಜಿಗೆ ಹೊಳ್ಳಿ ಬರೂ ಮುಂದ ಹಿಂದಿನ ಕೆಂಪು ಲೈಟ್ ಹಚ್ಚಿರಬೇಕು, ರಿಫ್ಲೆಕ್ಟರ್ ಒಂದ ಸಾಲೂದಿಲ್ಲ, ಹಿಂದಿನವ್ರ ಲೈಟ್ ಅದರ ಮ್ಯಾಲೆ ಬಿದ್ರ ಅಷ್ಟ ಅದು ಹೊಳಿಯೂದು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ ಇದ್ದಾಗ ಗುಡಿ ಸುತ್ತಮುತ್ತ ಸೈಕಲ್ ಇಳದು ನಡಕೊಂಡು ದಾಟ್ರಿ, ರಜಾದಾಗ ಗೋಲಗುಮ್ಮಟದ ಮುಂದ ಪ್ರವಾಸಿ ಬಸ್ಸು ತಿರಗೂ ಜಾಗಾದಾಗೂ ಹಂಗ ಹುಷಾರ.

ಹಂಗಂತ ರೇಡಿಯೋ ಬಿಡ್ರಿ ಅಂತ ನಾ ಅನ್ನೂದಿಲ್ಲ, ನಾನೂ ರೇಡಿಯೋದ ಮನುಷ್ಯ. ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕ ಶುರುವಾತು, ವಿವಿಧ ಭಾರತಿ 1957ರ ಅಕ್ಟೋಬರ್ 3ಕ್ಕ, ನಮ್ಮ ಕಡೆ ಎಷ್ಟ ಮನಿಯೊಳಗ ಮುಂಜಾನಿ ಅಂದ್ರ ಧಾರವಾಡದ 765 ಕಿಲೋಹರ್ಟ್ಸ್ ಆಗಿತ್ತು. ಮೀಡಿಯಂ ವೇವ್ ನೆಲದ ಗುಂಟ ದೂರ ಹರೀತೈತಿ, ಅದಕ್ಕ ಧಾರವಾಡದ್ದು ಇಲ್ಲೀತನಾ ಬರ್ತಿತ್ತು, ಎಫ್‌ಎಂ ಹೆಚ್ಚು ಕಡಿಮಿ ಕಣ್ಣಿಗೆ ಕಾಣೂವಷ್ಟ ದೂರ, ಆದ್ರ ಸ್ವಚ್ಛ ಕೇಳ್ತೈತಿ, ಅದಕ್ಕ ನಮ್ಮೂರ ಆಕಾಶವಾಣಿ ನಮಗ ಚಲೋ ಸಿಗ್ತೈತಿ. ಫೋನಿನ್ಯಾಗಿನ ಎಫ್‌ಎಂಗೆ ಇಯರ್‌ಫೋನಿನ ವಾಯರ ಏರಿಯಲ್, ಅದನ್ನ ಚುಚ್ಚಿ ಸ್ಪೀಕರಿನ್ಯಾಗ ಹಚ್ಚಿದ್ರ ಕಿವ್ಯಾಗ ಹಾಕ್ಕೋಬೇಕಂತ ಇಲ್ಲ. ಓಣಿಯೊಳಗ, ಗಾಡಿ ಇಲ್ಲದ ಹಾದಿಯೊಳಗ ಸಣ್ಣ ದನಿಯೊಳಗ ಬುಟ್ಟಿಯೊಳಗ ಇಟ್ಕೊಂಡು ಕೇಳ್ಕೊಂತ ಹೋದ್ರ ನಾ ಬ್ಯಾಡ ಅನ್ನಂಗಿಲ್ಲ, ಸೋಲಾಪುರ ರಸ್ತಾ ಸ್ಟೇಷನ್ ರಸ್ತಾ ಬಂದಕೂಡ್ಲೇ ಬಂದ್ ಮಾಡ್ರಿ. ಸುದ್ದಿ, ಚಿತ್ರಗೀತಿ ಎಲ್ಲಾ ಮನ್ಯಾಗ ರೊಟ್ಟಿ ಬಡಿಯೂ ಮುಂದ ಕೇಳ್ರಿ, ಐತವಾರ ಚೈನ್ ಒರಸೂ ಮುಂದ ಕೇಳ್ರಿ, ರೇಡಿಯೋದ ದೊಡ್ಡಸ್ತಿಕಿ ಅದ ಅಲ್ರಿ, ಕಣ್ಣು ಕೈ ಎರಡೂ ಕೆಲಸಕ್ಕ ಬಿಡ್ತೈತಿ, ಮೊಬೈಲಿನ್ಯಾಗಿನ ರೀಲ್ಸ್ ಅದನ್ನ ಬಿಡೂದಿಲ್ಲ. ನನ್ನದೊಂದು ಆಸೆ ಐತಿ, ಸ್ಥಳೀಯ ರೇಡಿಯೋದವ್ರು ಮುಂಜಾನಿ ಎಂಟೂವರಿಗೆ ಎರಡ ನಿಮಿಷ ಊರ ರಸ್ತಾ ಸುದ್ದಿ ಕೊಡಬೇಕು, ಎಲ್ಲಿ ಪೈಪ್‌ಗೆ ಅಗದಾರ, ಎಲ್ಲಿ ಜಾತ್ರಿ ಐತಿ, ಗಾಳಿ ಯಾವ ಕಡಿಂದ ಬೀಸಾಕತ್ತೈತಿ. ಸೈಕಲ್ಲಿನವ್ರಿಗೆ, ನಡಕೊಂಡು ಹೋಗವ್ರಿಗೆ, ಗಾಡಿಯವ್ರಿಗೆ ಎಲ್ಲಾರಿಗೂ ಬೇಕಾಗೂ ಸುದ್ದಿ ಅದು.

ಕಡೀಕ ಸಿನಿಮಾ ಮತ್ತ ಮಂದಿ ಮಾತು. ನಿಮ್ಮ ಮನ್ಯಾಗಿನವ್ರು ಹೇಳಿದ್ದು ಸುಳ್ಳಲ್ಲ, ನಮ್ಮ ಸಿನಿಮಾದಾಗ ಎಷ್ಟೋ ಸಲ ಸೈಕಲ್ ಅಂದ್ರ ಬಡ ಮಾಸ್ತರ ಸೈಕಲ್, ಪೇಪರ್ ಹಾಕೂ ಹುಡುಗನ ಸೈಕಲ್, ಹೀರೋ ಉದ್ಧಾರ ಆದಾ ಅಂತ ತೋರಸಬೇಕಂದ್ರ ಬುಲೆಟ್ ಮ್ಯಾಲೆ ಬರ್ತಾನ. ಹೀರೋಯಿನ್ ಸೈಕಲ್ ಮ್ಯಾಲೆ ಬಂದ್ರ ಖಾಲಿ ರಸ್ತಾ, ಬುಟ್ಟಿ ತುಂಬ ಹೂವು, ಸ್ಲೋ ಮೋಷನ್. ನಾ ಇಂಥಾ ಸೀನ್ ನೋಡಿದಾಗ ಮೊದಲ ಸೀಟಿನ ಎತ್ತರ ನೋಡ್ತೀನಿ, ಭಾಳ ಸಲ ಅದು ತಗ್ಗಿರ್ತೈತಿ, ಅಂದ್ರ ಸೈಕಲ್ಲನ್ನ ದಿನಾ ಹೊಡಿಯೂ ಗಾಡಿ ಅಂತ ಯಾರೂ ವಿಚಾರ ಮಾಡಿಲ್ಲ. ನನಗದು ಮನಸ್ಸಿಗೆ ಹತ್ತತೈತಿ. 1992ರ "ಜೋ ಜೀತಾ ವಹೀ ಸಿಕಂದರ್" ಅಷ್ಟ ಬ್ಯಾರೆ, ಕಡೀಕ ಸೈಕಲ್ ರೇಸ್ ಐತಿ ಅದರಾಗ, ಗೇರ್ ಸೈಕಲ್ಲಿಗೆ ಮರ್ಯಾದಿ ಕೊಟ್ಟ ಸಿನಿಮಾ. ನಮ್ಮ ವಿಜಯಪುರ ಬಾಗಲಕೋಟಿ ಹುಡುಗ್ರು ಹುಡುಗ್ಯಾರು ಸೈಕ್ಲಿಂಗ್‌ದಾಗ ರಾಜ್ಯಕ್ಕ ಹೆಸರು ತಂದವ್ರು, ಹೊಲಮನಿ ಮಕ್ಕಳು ಅವರು, ಅವರ ಬಗ್ಗೆ ಒಂದು ಚಲೋ ಕನ್ನಡ ಸಿನಿಮಾ ಬರಬೇಕು ಅಂತ ಭಾಳ ದಿನದಿಂದ ಕಾಯಾಕತ್ತೀನಿ.

ಆದ್ರ ನಿಮ್ಮ ಮನ್ಯಾಗ ಕುಂತು ನೋಡಾಕ ನಾ ಬ್ಯಾರೆ ಸಿನಿಮಾ ಹೇಳ್ತೀನಿ, "ವಜ್ದಾ" ಅಂತ, 2012ರದ್ದು, ಸೌದಿ ಅರೇಬಿಯಾದ್ದು. ಸೈಕಲ್ ಬೇಕು ಅಂತ ಹಟ ಹಿಡದ ಹತ್ತು ಹನ್ನೊಂದು ವರ್ಷದ ಹುಡುಗಿ ಕಥಿ. ತಗದಾಕಿ ಹೈಫಾ ಅಲ್ ಮನ್ಸೂರ್, ಹೆಣ್ಮಗಳು ಅಲ್ಲಿ ರಸ್ತಾದಾಗ ಗಂಡಸರ ನಡಕ ನಿಂತು ಶೂಟಿಂಗ್ ಮಾಡೂದು ಆಗೂದಿಲ್ಲ ಅಂತ ಎಷ್ಟೋ ಸೀನಿಗೆ ವ್ಯಾನಿನ್ಯಾಗ ಕುಂತು ವಾಕಿಟಾಕಿಯೊಳಗ ಹೇಳಿ ಮಾಡಿಸ್ಯಾಳ. 2013ರಾಗ ಆ ದೇಶದವ್ರು ಹೆಣ್ಮಕ್ಳಿಗೆ ಸೈಕಲ್ ಹೊಡಿಯಾಕ ಅನುಮತಿ ಕೊಟ್ರು, ಅದೂ ಮನೀ ಗಂಡಸರು ಜೋಡಿ ಇರಬೇಕು, ಬರೇ ಅಡ್ಡಾಡಾಕ ಅಷ್ಟ ಅಂತ ಷರತ್ತ ಹಾಕಿ. ನೀವು ಯಾರ ಅನುಮತಿನೂ ಕೇಳಬೇಕಾಗಿಲ್ರಿ ಅಕ್ಕಾರ.

ನಮ್ಮ ಬಾಜೂ ರಾಜ್ಯ ತಮಿಳುನಾಡಿನ ಪುದುಕೋಟ್ಟೈ ಜಿಲ್ಲಾದಾಗ 1990ರ ದಶಕದ ಮೊದಲಿಗೆ ಸಾಕ್ಷರತಾ ಆಂದೋಲನದಾಗ ಅಕ್ಷರದ ಜೋಡಿ ಸೈಕಲ್ಲೂ ಕಲಿಸಿದ್ರು. ಹತ್ತಾರು ಸಾವಿರ ಹೆಣ್ಮಕ್ಳು ಕಲತ್ರು, ಹೊಲದಾಗ ಕೂಲಿ ಮಾಡವ್ರು, ಕಲ್ಲಿನ ಖಣಿಯೊಳಗ ದುಡಿಯವ್ರು. ಲೇಡೀಸ್ ಸೈಕಲ್ ಸಾಲದ ಗಂಡಸರ ಸೈಕಲ್ಲ ಹೊಡದ್ರು, ನಡಕಿನ ದಾಂಡಿಗಿ ಮ್ಯಾಲೆ ಮಗು ಕುಂಡ್ರಿಸಾಕ ಬರ್ತೈತಿ ಅಂತ ಕೆಲವರು ಅದನ್ನ ಬೇಕಂತ ಆರಿಸ್ಕೊಂಡ್ರು. ಅವ್ರಿಗೂ ಮಂದಿ ಅಂದ್ರು, ಕೆಟ್ಟದಾಗೇ ಅಂದ್ರು, ಅವ್ರು ನಿಲ್ಲಸಲಿಲ್ಲ. ನಮ್ಮ ರಾಜ್ಯದಾಗ 2006-07ರಿಂದ 8ನೇ ಕ್ಲಾಸಿನ ಮಕ್ಕಳಿಗೆ ಸರ್ಕಾರದಿಂದ ಸೈಕಲ್ ಬರ್ತಿದ್ದು, ಸಾಲಿ ಬಿಡಬೇಕಾಗಿದ್ದ ಎಷ್ಟ ಹಳ್ಳಿ ಹುಡುಗ್ಯಾರು ಅದರ ಮ್ಯಾಲೆ ಹೈಸ್ಕೂಲ್ ಮುಗಿಸ್ಯಾರ, ಕೊರೋನಾ ಬಂದಮ್ಯಾಲೆ ಅದು ನಿಂತತು, ಹೊಳ್ಳಿ ಶುರು ಆಗಬೇಕು. "ಮಂದಿ ಏನಂತಾರ" ಅಂದವ್ರಿಗೆ ನೀವು ಉತ್ತರ ಕೊಡಬ್ಯಾಡ್ರಿ, ಒಂದು ತಿಂಗಳ ದಿನಾ ಅದ ಹಾದಿಯೊಳಗ ಅದ ಹೊತ್ತಿಗೆ ಹೋಗ್ರಿ, ಅಂಗಡಿಯವ್ರಿಗೆ ರೂಢಿ ಆಗ್ತೈತಿ, ಆಮ್ಯಾಲೆ ಒಂದ ದಿನ ತಪ್ಪಿದ್ರ "ಅಕ್ಕಾರ ನಿನ್ನಿ ಕಾಣಲಿಲ್ಲಲ್ರಿ" ಅಂತ ಅವರ ಕೇಳ್ತಾರ.

ಬಡವರ ಸೈಕಲ್ ಅನ್ನೋ ಮಾತಿಗೆ ಇನ್ನೊಂದು ಸಿನಿಮಾ ನೆನಪಾಗ್ತೈತಿ, ಇಟಲಿಯ "ಬೈಸಿಕಲ್ ಥೀವ್ಸ್", ವಿತ್ತೋರಿಯೋ ಡಿ ಸಿಕಾ 1948ರಾಗ ತಗದಿದ್ದು. ಕೆಲಸ ಸಿಗಬೇಕಂದ್ರ ಸೈಕಲ್ ಬೇಕು ಅಂತಾರ, ಹೇಣ್ತಿ ಮನ್ಯಾಗಿನ ಹಾಸಿಗಿ ಚಾದರ ಒತ್ತಿ ಇಟ್ಟು ಸೈಕಲ್ ಬಿಡಿಸ್ತಾಳ, ಮೊದಲನೇ ದಿನ ಗ್ವಾಡಿಗೆ ಪೋಸ್ಟರ್ ಹಚ್ಚೂ ಮುಂದ ಅದು ಕಳುವಾಗ್ತೈತಿ. ಅದರಾಗ ಬಡತನ ಐತಿ, ಆದ್ರ ಸೈಕಲ್ ಬಡತನದ ಗುರುತಲ್ಲ, ಬಡತನದಿಂದ ಮ್ಯಾಲೆ ಬರೂ ಹಾದಿ ಅದು, ಅದನ್ನ ಅಷ್ಟು ಖರೇ ಅನಿಸುವಂಗ ತೋರಿಸಿದ ಸಿನಿಮಾ ನಾ ಬ್ಯಾರೆ ನೋಡಿಲ್ಲ.

ಅದಕ್ಕ ಬೀಗದ ಮಾತೂ ಹೇಳಿಬಿಡ್ತೀನಿ. ಗೇರ್ ಸೈಕಲ್ಲಿಗೆ ಹಿಂದಿನ ಗಾಲಿ ಬೀಗ ಇರೂದಿಲ್ಲ, ತೆಳ್ಳನ್ನ ವಾಯರ್ ಬೀಗ ಕಟರಿಗೆ ತಡಿಯೂದಿಲ್ಲ. ದಪ್ಪ ಸರಪಳಿಯೋ ಯು ಆಕಾರದ್ದೋ ಬೀಗ ತಗೋರಿ, ಫ್ರೇಮು ಮತ್ತ ಹಿಂದಿನ ಗಾಲಿ ಎರಡರಾಗೂ ಹಾಸಿ ಆಫೀಸಿನ ಕಿಡಕಿ ಗ್ರಿಲ್ಲಿಗೋ ಕಂಬಕ್ಕೋ ಹಾಕ್ರಿ, ಬರೇ ಮುಂದಿನ ಗಾಲಿಗೆ ಹಾಕಿದ್ರ ಗಾಲಿ ಬಿಟ್ಟು ಉಳದದ್ದು ಹೋಗ್ತೈತಿ. ಸೈಕಲ್ ತಲಿ ಕೆಳಗ ಮಾಡಿ ಪೈಡಲ್ ಹಚ್ಚಿದ ಜಾಗಾದ ಕೆಳಗ ನೋಡ್ರಿ, ಅಲ್ಲಿ ಫ್ರೇಮಿನ ನಂಬರ್ ಹೊಡದಿರ್ತಾರ, ಮಣ್ಣ ಒರಸಿ ಅದರದೊಂದು ಫೋಟೋ, ಇಡೀ ಸೈಕಲ್ಲಿಂದೊಂದು ಫೋಟೋ ಫೋನಿನ್ಯಾಗ ಇಟ್ಕೊಳ್ರಿ, ಮಗನ ಕಡೆ ಹಳೇ ಬಿಲ್ ಇದ್ರ ಅದನ್ನೂ ತರಿಸ್ಕೊಳ್ರಿ. ಟೈರ್ ಸೈಜ್ 26 ಅಲ್ಲ ಬ್ಯಾರೆ ಏನಾರ ಇದ್ರ, ಬಾಜೂಕ ಬರದಿದ್ದ ನಂಬರ್ ಪೂರ್ತಿ ಬರದು ಕಳಸ್ರಿ, ಯಾವ ಟೈರ್ ಕುಂಡ್ರತೈತಿ ಅಂತ ಹೇಳ್ತೀನಿ.